ಇನ್‌ಕಾಗ್ನಿಟೊದಲ್ಲಿ ಹುಡುಕಿದ್ದು ಅತ್ತೆಯವರ ಟ್ಯಾಬ್‌ಗೆ ಹೋಗಿದ್ದು ಹೇಗೆ?

ಪ್ರಶ್ನೆ: ನಮಗೆ ಮದುವೆಯಾಗಿ ಐದು ವರ್ಷ. ಮಕ್ಕಳಾಗಿಲ್ಲ. ಚಿಕಿತ್ಸೆ ತಗೊಳ್ಳೋಣ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ, ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಹಾಗಾಗಿ ಈ ವಿಷಯ ಏನೇ ಹುಡುಕಿದರೂ ನನ್ನ ಮೊಬೈಲ್‌ನಲ್ಲಿ ಇನ್‌ಕಾಗ್ನಿಟೊ ತೆರೆದೇ ಹುಡುಕುತ್ತೇನೆ. ಹೋದ ವಾರ ಎರಡು ಮೂರು ಆಸ್ಪತ್ರೆಗಳ ವೆಬ್‌ಸೈಟ್ ನೋಡಿದೆ. ಒಂದರಲ್ಲಿ ಖರ್ಚು ಎಷ್ಟಾಗುತ್ತೆ ಅಂತ ತಿಳಿಯಲು ಮೊಬೈಲ್ ನಂಬರ್ ಕೂಡ ಹಾಕಿದೆ. ಮೂರೇ ದಿನಕ್ಕೆ ಅತ್ತೆಯವರು ಟ್ಯಾಬ್‌ನಲ್ಲಿ ವಿಡಿಯೊ ನೋಡುವಾಗ ಐವಿಎಫ್ ಜಾಹೀರಾತು ಬಂತು. "ಇದೇನಮ್ಮಾ, ನನಗ್ಯಾಕೆ ಬರ್ತಿದೆ ಇದು?" ಅಂತ ನಗುತ್ತಾ ನನಗೇ ತೋರಿಸಿದರು. ನನಗೆ ಕೈಕಾಲೇ ಆಡಲಿಲ್ಲ. ಇನ್‌ಕಾಗ್ನಿಟೊ ಅಂದರೆ ಸುಳ್ಳಾ? ಸ್ನೇಹಿತೆ ವಿಪಿಎನ್ ಹಾಕಿಕೋ ಅನ್ನುತ್ತಾಳೆ. ತಮ್ಮ ಗೂಗಲ್ ಬಿಟ್ಟು ಡಕ್‌ಡಕ್‌ಗೋ ಬಳಸು ಅನ್ನುತ್ತಾನೆ. ಮೊಬೈಲೇ ನಮ್ಮ ಮಾತು ಕೇಳಿಸಿಕೊಳ್ಳುತ್ತೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಒಂದೆರಡು ಸಲ ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಹುಡುಕಿದ್ದೇನೆ. ಇಲ್ಲಿಯವರೆಗೆ ಹುಡುಕಿದ್ದನ್ನೆಲ್ಲ ಅಳಿಸಬಹುದಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ಒಂದು ಪ್ರಶ್ನೆ ಕೇಳುತ್ತೇನೆ, ವಿಚಿತ್ರ ಅನ್ನಿಸಬಹುದು. ಅತ್ತೆಯವರ ಟ್ಯಾಬ್ ಹೊಸದಾಗಿ ಬಂದಾಗ ಅದನ್ನು ಸೆಟ್ ಮಾಡಿಕೊಟ್ಟವರು ಯಾರು? ನೀವೇ ಆಗಿದ್ದರೆ, ಅದಕ್ಕೆ ಯಾರ ಗೂಗಲ್ ಅಕೌಂಟ್ ಹಾಕಿದ್ರಿ?

ಇಂಥ ದೂರು ಬಂದಾಗ ನಾನು ಮೊದಲು ಕೇಳುವುದೇ ಇದನ್ನು. ಹತ್ತರಲ್ಲಿ ಮೂರ್ನಾಲ್ಕು ಸಲ ಉತ್ತರ "ಅಯ್ಯೋ, ನಂದೇ" ಅಂತ ಬರುತ್ತದೆ. ಮನೆಯ ಹಿರಿಯರಿಗೆ ಮೊಬೈಲ್ ಕೊಡಿಸಿದಾಗ, ಟಿವಿ ತಂದಾಗ, ಅವರಿಗೆ ಬೇರೆ ಅಕೌಂಟ್ ಮಾಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಸದ್ಯಕ್ಕೆ ಅಂತ ನಮ್ಮದನ್ನೇ ಹಾಕಿಬಿಡುತ್ತೇವೆ. ಆ ಸದ್ಯ ನಾಲ್ಕು ವರ್ಷ ಆಗುತ್ತದೆ. ಅಲ್ಲಿಂದ ಮುಂದೆ ಗೂಗಲ್ ಲೆಕ್ಕದಲ್ಲಿ ನಿಮ್ಮ ಮೊಬೈಲ್, ಆ ಟ್ಯಾಬ್, ಹಾಲ್‌ನಲ್ಲಿರುವ ಟಿವಿ ಎಲ್ಲವೂ ಒಬ್ಬರದ್ದೇ. ನಿಮಗೆ ತೋರಿಸಬೇಕಾದ ಜಾಹೀರಾತು ಅಲ್ಲಿ ಬಂದರೆ ಅದರ ದೃಷ್ಟಿಯಲ್ಲಿ ತಪ್ಪೇನೂ ಆಗಿಲ್ಲ.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಪ್ರೈವಸಿ ಅಂದ ಕೂಡಲೇ ಎಲ್ಲರೂ ಯಾವ ಆ್ಯಪ್ ಹಾಕಲಿ, ಯಾವ ಸರ್ಚ್ ಎಂಜಿನ್ ಬಳಸಲಿ ಅಂತ ಶುರು ಮಾಡುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ್ದು ಯಾರಿಂದ ಮುಚ್ಚಿಡಬೇಕು ಎನ್ನುವುದು. ಗೂಗಲ್‌ನಿಂದಲೇ? ಇಂಟರ್‌ನೆಟ್ ಕೊಡುವ ಕಂಪನಿಯಿಂದಲೇ? ಆಫೀಸಿನಿಂದಲೇ? ಅಥವಾ ಪಕ್ಕದ ರೂಮಿನಲ್ಲಿರುವವರಿಂದಲೇ? ನಾಲ್ಕಕ್ಕೂ ಮದ್ದು ಬೇರೆ ಬೇರೆ. ನಿಮ್ಮ ಪತ್ರ ಓದಿದರೆ ನಿಮಗೆ ದೂರದ ಯಾವುದೋ ಸರ್ವರ್‌ನ ಚಿಂತೆ ಅಷ್ಟಿಲ್ಲ. ಒಬ್ಬರೇ ಒಬ್ಬರಿಗೆ ಈಗಲೇ ಗೊತ್ತಾಗಬಾರದು, ಅಷ್ಟೇ. ಹಾಗಾಗಿ ನನ್ನ ಉತ್ತರವೂ ಅದೇ ಕ್ರಮದಲ್ಲಿ ಇರುತ್ತದೆ.

ಇನ್‌ಕಾಗ್ನಿಟೊ ಸುಳ್ಳಾ?

ಸುಳ್ಳಲ್ಲ. ಅದು ಮಾಡುವ ಕೆಲಸ ಬಹಳ ಚಿಕ್ಕದು, ಹೆಸರು ದೊಡ್ಡದು.

ಇನ್‌ಕಾಗ್ನಿಟೊ ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆ ನಿಮ್ಮ ಮೊಬೈಲ್‌ನಲ್ಲಿ ಹಿಸ್ಟರಿ ಉಳಿಯುವುದಿಲ್ಲ, ಕುಕೀಗಳು (ನಿಮ್ಮನ್ನು ಗುರುತು ಹಿಡಿಯಲು ವೆಬ್‌ಸೈಟ್‌ಗಳು ಬ್ರೌಸರ್‌ನಲ್ಲಿ ಇಡುವ ಚಿಕ್ಕ ಚೀಟಿಗಳು) ಉಳಿಯುವುದಿಲ್ಲ, ಫಾರ್ಮ್‌ನಲ್ಲಿ ತುಂಬಿದ್ದು ನೆನಪಿರುವುದಿಲ್ಲ. ಅಂದರೆ ನಿಮ್ಮ ಮೊಬೈಲನ್ನೇ ಕೈಗೆ ತೆಗೆದುಕೊಂಡು ನೋಡುವವರಿಂದ ಅದು ಕಾಪಾಡುತ್ತದೆ. ಆ ಕಡೆ, ನೀವು ಹೋದ ವೆಬ್‌ಸೈಟ್‌ನ ಸರ್ವರ್‌ನಲ್ಲಿ, ಏನು ದಾಖಲಾಯಿತೋ ಅದರ ಮೇಲೆ ಇನ್‌ಕಾಗ್ನಿಟೊಗೆ ಯಾವ ಅಧಿಕಾರವೂ ಇಲ್ಲ. ಡೌನ್‌ಲೋಡ್ ಮಾಡಿದ ಫೈಲ್ ಕೂಡ ಮೊಬೈಲ್‌ನಲ್ಲೇ ಕೂತಿರುತ್ತದೆ, ನೆನಪಿರಲಿ. ಆಸ್ಪತ್ರೆಯ ಪಿಡಿಎಫ್ ಏನಾದರೂ ಇಳಿಸಿಕೊಂಡಿದ್ದರೆ ಒಮ್ಮೆ ನೋಡಿ.

ತಪ್ಪು ತಿಳಿದುಕೊಂಡವರು ನೀವೊಬ್ಬರೇ ಅಲ್ಲ. ಇದೇ ವಿಷಯಕ್ಕೆ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ದೊಡ್ಡ ಮೊಕದ್ದಮೆ ಹೂಡಿದರು. ಇನ್‌ಕಾಗ್ನಿಟೊದಲ್ಲಿದ್ದರೂ ನಮ್ಮ ಓಡಾಟ ದಾಖಲಾಗುತ್ತಿದೆ ಎನ್ನುವುದು ದೂರು. ಕೊನೆಗೆ ರಾಜಿಯಾಯಿತು. ಆ ಥರ ಸೇರಿದ್ದ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಗೂಗಲ್ 2024ರಲ್ಲಿ ಒಪ್ಪಿಕೊಂಡಿತು. ಕ್ರೋಮ್‌ನಲ್ಲಿ ಹೊಸ ಇನ್‌ಕಾಗ್ನಿಟೊ ಕಿಟಕಿ ತೆರೆದಾಗ ಬರುವ ಆ ಕಪ್ಪು ಪುಟ ಇದೆಯಲ್ಲ, ನಾವು ಯಾರೂ ಓದದೇ ಮುಂದೆ ಹೋಗುವ ಪುಟ, ಅದರ ಮಾತುಗಳನ್ನೂ ಬದಲಾಯಿಸಿದರು. ವೆಬ್‌ಸೈಟ್‌ಗಳು ಮತ್ತು ಅವು ಬಳಸುವ ಸೇವೆಗಳು, ಗೂಗಲ್ ಕೂಡ ಸೇರಿ, ಮಾಹಿತಿ ಸಂಗ್ರಹಿಸುವ ರೀತಿ ಇದರಿಂದ ಬದಲಾಗುವುದಿಲ್ಲ ಎಂದು ಈಗ ಅಲ್ಲೇ ಬರೆದಿದೆ. ಇವತ್ತು ಒಮ್ಮೆ ಪೂರ್ತಿ ಓದಿ.

ಇನ್ನೊಂದು ಸಣ್ಣ ವಿಷಯ. ಇನ್‌ಕಾಗ್ನಿಟೊ ಒಳಗೆ ಹೋಗಿ ಜಿಮೇಲ್‌ಗೋ ಇನ್ಯಾವುದಕ್ಕೋ ಲಾಗಿನ್ ಆದರೆ ಮುಗಿಯಿತು. ಮುಸುಕು ಹಾಕಿಕೊಂಡು ಬಂದು ಬಾಗಿಲಲ್ಲೇ ಹೆಸರು ಹೇಳಿದ ಹಾಗೆ. ಆ ಕಿಟಕಿಯಲ್ಲಿ ಅಲ್ಲಿಂದ ಮುಂದೆ ಹುಡುಕಿದ್ದೆಲ್ಲ ನಿಮ್ಮ ಅಕೌಂಟ್‌ಗೇ ಸೇರಬಹುದು.

ಹುಡುಕಿದ್ದಕ್ಕಿಂತ ಒತ್ತಿದ್ದು ದೊಡ್ಡದು

ಟ್ಯಾಬ್‌ನಲ್ಲಿ ನಿಮ್ಮ ಅಕೌಂಟ್ ಇಲ್ಲದಿದ್ದರೆ ಮುಂದಿನ ಅನುಮಾನ ನಿಮ್ಮ ಮನೆಯ ವೈಫೈ ಮೇಲೆ, ಮತ್ತು ಆ ಆಸ್ಪತ್ರೆಗಳ ವೆಬ್‌ಸೈಟ್ ಮೇಲೆ.

ನಾನು ಹಲವು ವರ್ಷ ವೆಬ್ ಸರ್ವರ್‌ಗಳನ್ನು ನೋಡಿಕೊಂಡವನು. ಒಂದು ಸಂಸ್ಥೆಯಲ್ಲಿ ಬೆಳಗ್ಗೆ ಬಂದ ಕೂಡಲೇ ಹಿಂದಿನ ದಿನದ ಲಾಗ್ ಫೈಲ್ ತೆರೆಯುವುದು ನನ್ನ ಕೆಲಸ. ಯಾರೋ ಒಬ್ಬರು ಒಂದು ಪುಟ ತೆರೆದರೆ ಅಲ್ಲಿ ಒಂದು ಸಾಲು ಬೀಳುತ್ತದೆ. ಬಂದವರ ಐಪಿ ವಿಳಾಸ (ಅವರ ಇಂಟರ್‌ನೆಟ್ ಸಂಪರ್ಕಕ್ಕಿರುವ ಸಂಖ್ಯೆ), ತಾರೀಖು, ಗಂಟೆ ನಿಮಿಷ ಸೆಕೆಂಡು, ನೋಡಿದ ಪುಟ, ಯಾವ ಬ್ರೌಸರ್, ಎಲ್ಲಿಂದ ಬಂದರು. ಆ ಕೊನೆಯದು ಆಗ ಬಹಳ ಮಾತಾಡುತ್ತಿತ್ತು. ಗೂಗಲ್‌ನಿಂದ ಬಂದಿದ್ದರೆ ಅವರು ಏನು ಟೈಪ್ ಮಾಡಿ ಬಂದರು ಅನ್ನುವುದೂ ಅಕ್ಷರಕ್ಷರ ಕಾಣುತ್ತಿತ್ತು. "ಗಂಡನಿಗೆ ಗೊತ್ತಾಗದ ಹಾಗೆ" ಅಂತ ಶುರುವಾಗುವ ಸಾಲುಗಳನ್ನು ಕಾಫಿ ಕುಡಿಯುತ್ತಾ ಓದಿದ್ದೇನೆ. ಬರೆದವರು ಯಾರೋ, ನಾನು ಯಾರೋ. ಓದಬಾರದಿತ್ತು ಅಂತ ಈಗ ಅನ್ನಿಸುತ್ತದೆ.

ಆ ಕಿಂಡಿ ಈಗ ಬಹುಮಟ್ಟಿಗೆ ಮುಚ್ಚಿದೆ. 2011ರಲ್ಲಿ ಲಾಗಿನ್ ಆದವರಿಗೆ, 2013ರ ಹೊತ್ತಿಗೆ ಎಲ್ಲರಿಗೂ ಗೂಗಲ್ ತನ್ನ ಸರ್ಚನ್ನು ಎನ್‌ಕ್ರಿಪ್ಟ್ ಮಾಡಿತು, ಅಂದರೆ ನಡುವೆ ಯಾರೂ ಓದಲಾಗದ ಸಂಕೇತಕ್ಕೆ ಬದಲಾಯಿಸಿತು. ಈಗ ನೀವು ಹುಡುಕಿದ ಪದ ಆಸ್ಪತ್ರೆಯ ವೆಬ್‌ಸೈಟ್‌ಗೆ ಹೋಗುವುದಿಲ್ಲ, ದಾರಿಯಲ್ಲಿ ಇಂಟರ್‌ನೆಟ್ ಕಂಪನಿಗೂ ಕಾಣುವುದಿಲ್ಲ. ಆದರೆ ಪದ ಯಾಕೆ ಬೇಕು? ಐವಿಎಫ್ ಖರ್ಚಿನ ಪುಟವನ್ನೇ ತೆರೆದಿದ್ದೀರಿ ಅನ್ನುವುದು ಸಾಕಲ್ವಾ?

ಆ ಪುಟದಲ್ಲಿ ನಿಮಗೆ ಕಾಣದ ಚಿಕ್ಕ ಕೋಡ್ ತುಣುಕುಗಳಿರುತ್ತವೆ. ಈ ಕೆಲಸದಲ್ಲಿರುವವರು ಪಿಕ್ಸೆಲ್ ಅನ್ನುತ್ತಾರೆ. ಪುಟ ತೆರೆದ ಕೂಡಲೇ ಅವು ಜಾಹೀರಾತು ಕಂಪನಿಗಳಿಗೆ ಸುದ್ದಿ ಮುಟ್ಟಿಸುತ್ತವೆ: ಇಂಥ ಐಪಿ, ಇಂಥ ಮೊಬೈಲ್ ಮಾದರಿ, ಇಂಥ ಪುಟ, ಇಷ್ಟು ಗಂಟೆಗೆ. ಆಸ್ಪತ್ರೆಗಳು ಹೀಗೆ ಮಾಡಲಾರವು ಅಂದುಕೊಳ್ಳಬೇಡಿ. 2022ರಲ್ಲಿ ದಿ ಮಾರ್ಕಪ್ ಎಂಬ ಅಮೆರಿಕದ ಪತ್ರಿಕಾ ಸಂಸ್ಥೆ ಅಲ್ಲಿನ ನೂರು ಹೆಸರಾಂತ ಆಸ್ಪತ್ರೆಗಳ ವೆಬ್‌ಸೈಟ್‌ಗಳನ್ನು ಪರೀಕ್ಷಿಸಿತು. 33ರಲ್ಲಿ ಫೇಸ್‌ಬುಕ್‌ನ ಪಿಕ್ಸೆಲ್ ಇತ್ತು. ರೋಗಿ ಅಪಾಯಿಂಟ್‌ಮೆಂಟ್ ಬಟನ್ ಒತ್ತಿದರೆ ಆ ಸುದ್ದಿ ಅಲ್ಲಿಗೂ ಹೋಗುತ್ತಿತ್ತು. ವೆಬ್‌ಸೈಟ್ ಮಾಡಿಕೊಟ್ಟವರು "ಎಷ್ಟು ಜನ ಬಂದರು ಅಂತ ಲೆಕ್ಕ ಸಿಗುತ್ತೆ" ಅಂತ ಹಾಕಿರುತ್ತಾರೆ. ಡಾಕ್ಟರಿಗೆ ಅದು ಇರುವುದೇ ಗೊತ್ತಿರುವುದಿಲ್ಲ.

ಈಗ ಮನೆಯ ವೈಫೈ. ನಿಮ್ಮ ರೌಟರ್‌ನ ಹಿಂದೆ ಎಷ್ಟೇ ಮೊಬೈಲ್, ಟ್ಯಾಬ್, ಟಿವಿ ಇರಲಿ, ಹೊರಗಿನವರಿಗೆ ಸಾಮಾನ್ಯವಾಗಿ ಒಂದೇ ಐಪಿ ವಿಳಾಸ ಕಾಣುತ್ತದೆ. ಒಂದು ಮನೆ, ಒಂದು ಬಾಗಿಲ ಸಂಖ್ಯೆ ಇದ್ದ ಹಾಗೆ. ಆ ಸಂಖ್ಯೆಯ ಮನೆಯಲ್ಲಿ ಯಾರಿಗೋ ಈ ವಿಷಯದಲ್ಲಿ ಆಸಕ್ತಿ ಇದೆ ಅಂತ ಗೊತ್ತಾದರೆ, ಇಡೀ ಮನೆಗೆ ಜಾಹೀರಾತು ತೋರಿಸುವ ಕಂಪನಿಗಳಿವೆ. ಅವರಿಗೆ ಸೊಸೆ ಯಾರು, ಅತ್ತೆ ಯಾರು ಅಂತ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಇನ್ನು ನೀವು ಕೊಟ್ಟ ಮೊಬೈಲ್ ನಂಬರ್. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಣ್ಣಿಗೆ ಬಿದ್ದದ್ದು ಅದೇ. ವ್ಯಾಪಾರ ಮಾಡುವವರು ತಮ್ಮಲ್ಲಿರುವ ನಂಬರ್‌ಗಳ ಪಟ್ಟಿಯನ್ನು ಸಂಕೇತಕ್ಕೆ ಬದಲಾಯಿಸಿ ಜಾಹೀರಾತು ಕಂಪನಿಗೆ ಕೊಡಬಹುದು. ಅದೇ ನಂಬರ್ ನಿಮ್ಮ ಗೂಗಲ್ ಅಥವಾ ಫೇಸ್‌ಬುಕ್ ಅಕೌಂಟ್‌ನಲ್ಲಿ ಇದ್ದರೆ ಹೊಂದಿಸಿಬಿಡುತ್ತಾರೆ. ಆಗ ಇನ್‌ಕಾಗ್ನಿಟೊ, ಕುಕೀ, ಏನೂ ಲೆಕ್ಕಕ್ಕೆ ಬರುವುದಿಲ್ಲ. ಆರೋಗ್ಯದ ವಿಷಯ ಹಿಡಿದು ವ್ಯಕ್ತಿಯನ್ನು ಗುರಿಯಾಗಿಸಬಾರದು ಅಂತ ಗೂಗಲ್‌ನ ಜಾಹೀರಾತು ನಿಯಮದಲ್ಲಿ ಬರೆದಿದೆ, ಹೌದು. ಆದರೆ ಆ ಪುಟದಲ್ಲಿ ಕೂತಿರುವುದು ಒಂದೇ ಕಂಪನಿಯ ಪಿಕ್ಸೆಲ್ ಆಗಿರುವುದಿಲ್ಲ. ನಿಯಮ ಬರೆದವರೇ ಪ್ರತಿ ಆಸ್ಪತ್ರೆಯ ಹಿಂದೆ ನಿಂತು ಕಾಯುವುದೂ ಇಲ್ಲ. ಮುಂದೆ ಬರೀ ಖರ್ಚು ತಿಳಿಯಬೇಕಿದ್ದರೆ ಫಾರ್ಮ್ ತುಂಬಬೇಡಿ, ಫೋನ್ ಮಾಡಿ ಕೇಳಿ.

ಮೊಬೈಲ್ ಕಿವಿಗೊಟ್ಟು ಕೇಳುತ್ತದೆಯೇ ಅಂದಿರಿ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಕದ್ದು ಮೈಕ್ ಆನ್ ಮಾಡಿ ಮಾತು ಕಳಿಸಿದ ಒಂದು ಆ್ಯಪ್ ಕೂಡ ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ಬೇರೆ: ಕೆಲವು ಆ್ಯಪ್‌ಗಳು ಪರದೆಯ ಚಿತ್ರವನ್ನೇ ತೆಗೆದು ಹೊರಗೆ ಕಳಿಸುತ್ತಿದ್ದವು. ನಿಮ್ಮ ವಿಷಯದಲ್ಲಂತೂ ಮಾತು ಕೇಳಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ನಂಬರ್ ಸಮೇತ ಬರೆದುಕೊಟ್ಟಾಗಿದೆ.

ಎಂಟರ್ ಒತ್ತುವ ಮೊದಲೇ

ಒಂದು ಪ್ರಯೋಗ ಹೇಳುತ್ತೇನೆ. ನಿಮ್ಮ ಸ್ವಂತ ಕಂಪ್ಯೂಟರ್ ಇದ್ದರೆ ಮಾಡಿ ನೋಡಿ. ಗೂಗಲ್ ಪುಟ ತೆರೆದು ಎಫ್12 ಒತ್ತಿ. ಪಕ್ಕದಲ್ಲೊಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ನೆಟ್‌ವರ್ಕ್ ಅನ್ನುವುದನ್ನು ಆರಿಸಿ. ಈಗ ಸರ್ಚ್ ಪೆಟ್ಟಿಗೆಯಲ್ಲಿ "ಮಕ್ಕಳಾಗ" ಅಂತ ನಿಧಾನಕ್ಕೆ ಟೈಪ್ ಮಾಡಿ. "ಮ" ಬಿದ್ದ ಕೂಡಲೇ ಪಕ್ಕದಲ್ಲಿ ಒಂದು ಹೊಸ ಸಾಲು. "ಮಕ್ಕ" ಅಂದಾಗ ಇನ್ನೊಂದು. ಈಗ ಎಲ್ಲ ಅಳಿಸಿ, ಎಂಟರ್ ಒತ್ತಲೇಬೇಡಿ. ಆ ಸಾಲುಗಳು ಹಾಗೇ ಇರುತ್ತವೆ. ಅಷ್ಟೂ ಸಲ ಸರ್ವರ್‌ಗೆ ಹೋಗಿ ಬಂದಾಗಿದೆ.

ಕೆಳಗೆ ತೂಗುವ ಸಲಹೆಗಳು ಬರುವುದೇ ಹೀಗೆ. ನಾವು ಪೂರ್ತಿ ಬರೆಯುವ ಮೊದಲೇ ಊಹಿಸಬೇಕಾದರೆ ಅದು ಪ್ರತಿ ಅಕ್ಷರ ನೋಡಲೇಬೇಕು. ಬರೆದು, ಬೇಡ ಅಂತ ಅಳಿಸಿದ್ದು ಕೂಡ ಕಳಿಸಿದ ಹಾಗೆಯೇ. ಬ್ರೌಸರ್‌ನ ಮೇಲ್ಗಡೆಯ ವಿಳಾಸ ಪಟ್ಟಿಯೂ ಈಗ ಸರ್ಚ್ ಪೆಟ್ಟಿಗೆಯೇ. ಕಣ್ತಪ್ಪಿ ಅಲ್ಲಿ ಪಾಸ್‌ವರ್ಡ್ ಟೈಪ್ ಮಾಡಿದವರನ್ನು ಎಷ್ಟೋ ಸಲ ನೋಡಿದ್ದೇನೆ. ಅಂಥದ್ದಾದರೆ ಸುಮ್ನೆ ಅಳಿಸಿ ಮುಂದೆ ಹೋಗಬೇಡಿ, ಪಾಸ್‌ವರ್ಡ್ ಬದಲಾಯಿಸಿ. ವಿಳಾಸ ಪಟ್ಟಿಯ ಸಲಹೆಗಳನ್ನು ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮೆಟ್ಟಿಲಿದೆ. ಕೀಬೋರ್ಡ್ ಆ್ಯಪ್ ನೀವು ಆಗಾಗ ಬರೆಯುವ ಪದಗಳನ್ನು ಕಲಿಯುತ್ತದೆ. ನಾಳೆ ಯಾರೋ ನಿಮ್ಮ ಮೊಬೈಲ್ ತಗೊಂಡು ಮೆಸೇಜ್ ಬರೆಯುವಾಗ "ಗ" ಒತ್ತಿದರೆ ಮೇಲೆ "ಗರ್ಭಧಾರಣೆ" ಅಂತ ತೇಲಿಬಂದರೆ? ಗೂಗಲ್‌ನ ಜಿಬೋರ್ಡ್ ಕ್ರೋಮ್ ಇನ್‌ಕಾಗ್ನಿಟೊದಲ್ಲಿ ಕಲಿಯುವುದನ್ನು ನಿಲ್ಲಿಸುತ್ತದೆ. ಎಲ್ಲ ಕೀಬೋರ್ಡ್‌ಗಳೂ ಅಷ್ಟು ಸಭ್ಯವಾಗಿರುವುದಿಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕಲಿತ ಪದಗಳನ್ನು ಅಳಿಸುವ ಆಯ್ಕೆ ಇರುತ್ತದೆ, ಹುಡುಕಿ ಒತ್ತಿ.

ವಿಪಿಎನ್, ಡಕ್‌ಡಕ್‌ಗೋ ಇತ್ಯಾದಿ

ವಿಪಿಎನ್ ಎರಡು ಕೆಲಸ ಮಾಡುತ್ತದೆ. ವೆಬ್‌ಸೈಟ್‌ಗಳಿಗೆ ನಿಮ್ಮ ಐಪಿ ಬದಲು ತನ್ನದನ್ನು ತೋರಿಸುತ್ತದೆ. ನಿಮ್ಮ ಇಂಟರ್‌ನೆಟ್ ಕಂಪನಿಗೆ ನೀವು ಹೋದ ವೆಬ್‌ಸೈಟ್‌ಗಳ ಹೆಸರು ಕಾಣದ ಹಾಗೆ ಮಾಡುತ್ತದೆ. ಗೂಗಲ್‌ಗೆ ಲಾಗಿನ್ ಆಗಿ ಹುಡುಕಿದರೆ ವಿಪಿಎನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮತ್ತೊಂದು ಅಪಾಯ: ಮೊದಲು ಇಂಟರ್‌ನೆಟ್ ಕಂಪನಿ ನೋಡುತ್ತಿದ್ದುದನ್ನು ಈಗ ವಿಪಿಎನ್ ಕಂಪನಿ ನೋಡುತ್ತದೆ. ಒನಾವೊ ಅಂತ ಒಂದು ಉಚಿತ ವಿಪಿಎನ್ ಇತ್ತು. 2013ರಲ್ಲಿ ಫೇಸ್‌ಬುಕ್ ಅದನ್ನು ಕೊಂಡುಕೊಂಡಿತು. ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅಂತ ಅದರ ಮೂಲಕ ನೋಡುತ್ತಿತ್ತು. ಗಲಾಟೆಯಾಗಿ 2019ರಲ್ಲಿ ಮುಚ್ಚಿದರು. ಉಚಿತ ವಿಪಿಎನ್ ಅಂದರೆ ನಾನು ಮೂಗು ಮುರಿಯುವುದು ಇದಕ್ಕೇ.

ನಿಮ್ಮ ಕೆಲಸಕ್ಕೆ ವಿಪಿಎನ್‌ಗಿಂತ ಸುಲಭದ್ದು ಒಂದಿದೆ. ಈ ವಿಷಯ ಹುಡುಕುವಾಗ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಹುಡುಕಿ. ಆಗ ಮನೆಯ ಐಪಿ ಜೊತೆ ನಿಮ್ಮ ಹುಡುಕಾಟ ಬೆರೆಯುವುದಿಲ್ಲ. ದುಡ್ಡೂ ಖರ್ಚಿಲ್ಲ.

ತಮ್ಮ ಹೇಳಿದ ಡಕ್‌ಡಕ್‌ಗೋ 2008ರಿಂದ ಇದೆ. ಯಾರು ಏನು ಹುಡುಕಿದರು ಅಂತ ಇಟ್ಟುಕೊಳ್ಳುವುದಿಲ್ಲ ಎನ್ನುವುದು ಅದರ ಮಾತು. ಜಾಹೀರಾತು ಅಲ್ಲೂ ಇದೆ, ಆದರೆ ಆ ಕ್ಷಣ ಹುಡುಕಿದ ಪದ ನೋಡಿ ಬರುತ್ತದೆ, ನಿಮ್ಮ ಹಳೆಯ ಚರಿತ್ರೆ ನೋಡಿ ಅಲ್ಲ. ಅದರ ಫಲಿತಾಂಶಗಳು ಬಹುಪಾಲು ಮೈಕ್ರೋಸಾಫ್ಟ್‌ನ ಬಿಂಗ್‌ನಿಂದ ಬರುತ್ತವೆ. 2022ರಲ್ಲಿ ಅದರ ಬ್ರೌಸರ್ ಆ್ಯಪ್ ಬೇರೆ ವೆಬ್‌ಸೈಟ್‌ಗಳಲ್ಲಿದ್ದ ಮೈಕ್ರೋಸಾಫ್ಟ್ ಟ್ರ್ಯಾಕರ್‌ಗಳಲ್ಲಿ (ಪಿಕ್ಸೆಲ್‌ನಂತೆ ಹಿಂಬಾಲಿಸುವ ಕೋಡ್‌ಗಳು) ಕೆಲವನ್ನು ತಡೆಯದೆ ಬಿಡುತ್ತಿತ್ತು ಅಂತ ಗೊತ್ತಾಗಿ ಮುಜುಗರ ಆಯಿತು, ಕೆಲವೇ ತಿಂಗಳಲ್ಲಿ ಸರಿಮಾಡಿದರು. ನೆದರ್ಲೆಂಡ್ಸ್‌ನ ಸ್ಟಾರ್ಟ್‌ಪೇಜ್ ಇನ್ನೊಂದು ಉಪಾಯ ಮಾಡುತ್ತದೆ. ನಿಮ್ಮ ಬದಲು ತಾನು ಗೂಗಲ್‌ಗೆ ಹೋಗಿ ಕೇಳಿ ತಂದುಕೊಡುತ್ತದೆ. ಬ್ರೇವ್ ಸರ್ಚ್ 2021ರಲ್ಲಿ ಶುರುವಾಯಿತು, ಅದಕ್ಕೆ ವೆಬ್ ಪುಟಗಳ ಸ್ವಂತ ಸೂಚಿ ಇದೆ.

ನಾನು ದಿನಬಳಕೆಗೆ ಡಕ್‌ಡಕ್‌ಗೋ ಇಟ್ಟುಕೊಂಡಿದ್ದೇನೆ. ಪ್ರಾಮಾಣಿಕವಾಗಿ ಹೇಳುವುದಾದರೆ ಕನ್ನಡದಲ್ಲಿ ಹುಡುಕಿದಾಗ ಅದು ಗೂಗಲ್‌ನಷ್ಟು ಹುಷಾರಿಲ್ಲ. ಆಗಾಗ ಸೋತು ಗೂಗಲ್‌ಗೆ ಹೋಗುತ್ತೇನೆ, ಲಾಗಿನ್ ಆಗದ ಬ್ರೌಸರ್‌ನಲ್ಲಿ. ಒಂದು ಮಾತು ಮಾತ್ರ ಮರೆಯಬೇಡಿ. ಸರ್ಚ್ ಎಂಜಿನ್ ಬದಲಾಯಿಸಿದರೆ ಸರ್ಚ್ ಎಂಜಿನ್ ಮಾತ್ರ ಬದಲಾಗುತ್ತದೆ. ಅಲ್ಲಿಂದ ಒತ್ತಿ ಆಸ್ಪತ್ರೆಯ ಪುಟಕ್ಕೆ ಹೋದ ಮೇಲೆ ಪಿಕ್ಸೆಲ್ ಅದೇ. ಮಾಮೂಲಿ ಕಿಟಕಿಯಲ್ಲಿ ಹುಡುಕಿದರೆ ಮೊಬೈಲ್‌ನ ಹಿಸ್ಟರಿಯಲ್ಲಿ ಉಳಿಯುವುದೂ ಅದೇ.

ಹಾಗಾದರೆ ಪಿಕ್ಸೆಲ್‌ಗೆ ಮದ್ದೇನು? ಟ್ರ್ಯಾಕರ್ ತಡೆಯುವ ಬ್ರೌಸರ್. ಫೈರ್‌ಫಾಕ್ಸ್, ಬ್ರೇವ್, ಆ್ಯಪಲ್ ಬಳಸುವವರಿಗೆ ಸಫಾರಿ. ಸಫಾರಿ 2020ರಿಂದಲೇ ಹೊರಗಿನವರ ಕುಕೀಗಳನ್ನು, ಅಂದರೆ ನೀವು ತೆರೆದ ವೆಬ್‌ಸೈಟ್ ಬಿಟ್ಟು ಬೇರೆ ಕಂಪನಿಗಳು ಇಡುವವನ್ನು, ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ ಪ್ರತಿ ವೆಬ್‌ಸೈಟ್‌ನ ಕುಕೀಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡುತ್ತದೆ. ಕ್ರೋಮ್ ಕೂಡ ಹೊರಗಿನವರ ಕುಕೀಗಳನ್ನು ನಿಲ್ಲಿಸುತ್ತೇವೆ ಅಂತ 2020ರಲ್ಲಿ ಹೇಳಿ, ಮುಂದೂಡಿ ಮುಂದೂಡಿ, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಅದರ ಇನ್‌ಕಾಗ್ನಿಟೊದಲ್ಲಿ ಮಾತ್ರ ತಡೆ ಇದೆ.

ಟಾರ್ ಬ್ರೌಸರ್ ಅಂತ ಇನ್ನೊಂದಿದೆ. ಮೂರು ಕೈ ದಾಟಿಸಿ ನಿಮ್ಮ ಗುರುತು ಮುಚ್ಚುತ್ತದೆ. ನಿಧಾನ. ಜೀವಭಯ ಇರುವವರಿಗೆ, ಪತ್ರಕರ್ತರಿಗೆ ಅದು ಬೇಕು. ನಿಮಗೆ ಬೇಡ.

ಬ್ರೌಸರ್‌ಗೆ ಸೇರಿಸುವ ಎಕ್ಸ್‌ಟೆನ್ಷನ್ ಎಂಬ ಚಿಕ್ಕ ಆ್ಯಪ್‌ಗಳನ್ನು ಸಿಕ್ಕ ಸಿಕ್ಕ ಹಾಗೆ ಹಾಕಬೇಡಿ. ರಕ್ಷಣೆಗೆ ಅಂತ ಹಾಕಿದ್ದೇ ಮನೆ ಮುರಿಯಬಹುದು. ಅವಾಸ್ಟ್ ಎಂಬ ಆ್ಯಂಟಿವೈರಸ್ ಕಂಪನಿ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಇನ್ನೊಂದು ಕಂಪನಿಯ ಮೂಲಕ ಮಾರುತ್ತಿತ್ತು. ಅದರಲ್ಲಿ ಜನ ಹುಡುಕಿದ್ದೂ ಇತ್ತು. 2020ರಲ್ಲಿ ಬಯಲಾಯಿತು. 2024ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಅದಕ್ಕೆ 1.65 ಕೋಟಿ ಡಾಲರ್ ಕಟ್ಟಿಸಿತು.

"ನನ್ನ ಹೆಸರಿಲ್ಲದಿದ್ದರೆ ಸಾಕಲ್ವಾ?"

ನೀವು ಇದನ್ನು ಕೇಳಿಲ್ಲ, ಆದರೆ ಮುಂದೆ ಬರುವ ಪ್ರಶ್ನೆ ಇದೇ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಇಂಟರ್‌ನೆಟ್ ಕಂಪನಿ ಎಒಎಲ್ ಸಂಶೋಧಕರಿಗೆ ಅನುಕೂಲವಾಗಲಿ ಅಂತ ಸುಮಾರು ಆರೂವರೆ ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು ಬಹಿರಂಗ ಮಾಡಿತು. ಎರಡು ಕೋಟಿಯಷ್ಟು ಹುಡುಕಾಟ. ಹೆಸರುಗಳನ್ನು ತೆಗೆದು ಎಲ್ಲರಿಗೂ ಒಂದೊಂದು ನಂಬರ್ ಕೊಟ್ಟಿತ್ತು. ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರರು ಕೆಲವೇ ದಿನಗಳಲ್ಲಿ ಒಂದು ನಂಬರ್‌ನ ಹಿಂದಿದ್ದ ಹಿರಿಯ ಮಹಿಳೆಯ ಮನೆಯ ಬಾಗಿಲು ತಟ್ಟಿದರು. ಆಕೆ ತಮ್ಮ ಊರಿನಲ್ಲಿ ತೋಟದ ಕೆಲಸದವರು ಸಿಗುತ್ತಾರಾ ಅಂತ ಹುಡುಕಿದ್ದರು. ತಮ್ಮ ಮನೆತನದ ಹೆಸರಿನವರನ್ನು ಹುಡುಕಿದ್ದರು. ಬೆರಳು ಜೋಮು ಹಿಡಿಯುವುದರ ಬಗ್ಗೆ ಹುಡುಕಿದ್ದರು. ಒಂದೊಂದೇ ನೋಡಿದರೆ ಏನೂ ಇಲ್ಲ. ಒಂದೇ ನಂಬರ್ ಕೆಳಗೆ ಸಾಲಾಗಿ ಕೂತಾಗ ಆ ಪಟ್ಟಿ ಒಬ್ಬರೇ ಒಬ್ಬರದ್ದು. ಕಂಪನಿ ಆ ಫೈಲನ್ನು ಬೇಗನೇ ತೆಗೆದುಹಾಕಿತು. ಅಷ್ಟರಲ್ಲಿ ಪ್ರತಿಗಳು ಎಲ್ಲ ಕಡೆ ಹರಡಿಯಾಗಿತ್ತು.

ಹಾಗಾಗಿ ನನ್ನ ಸಲಹೆ, ಎಲ್ಲವನ್ನೂ ಒಂದೇ ಬ್ರೌಸರ್‌ನಲ್ಲಿ ಮಾಡಬೇಡಿ. ಮೊಬೈಲ್‌ನಲ್ಲಿ ಎರಡನೆಯ ಬ್ರೌಸರ್ ಒಂದು ಇರಲಿ. ಅದರಲ್ಲಿ ಯಾವುದಕ್ಕೂ ಲಾಗಿನ್ ಆಗಬೇಡಿ. ಮುಚ್ಚಿದಾಗ ಎಲ್ಲ ಅಳಿಸು ಅಂತ ಸೆಟ್ ಮಾಡಿ. ಆಸ್ಪತ್ರೆ, ಚಿಕಿತ್ಸೆ, ಔಷಧಿಯ ಹುಡುಕಾಟ ಅಲ್ಲಿ ಮಾತ್ರ. ಎಐ ಚಾಟ್‌ಗೆ ಕೇಳುವ ಅಭ್ಯಾಸ ಇದ್ದರೆ ಇನ್ನೂ ಹುಷಾರಾಗಿರಿ. ಗೂಗಲ್‌ಗೆ ನಾವು ಮೂರು ಪದ ಕೊಡುತ್ತೇವೆ, ಅದಕ್ಕೆ ಇಡೀ ಕಥೆ ಹೇಳಿಬಿಡುತ್ತೇವೆ, ವಯಸ್ಸು, ರಿಪೋರ್ಟ್ ಎಲ್ಲ ಸೇರಿಸಿ. ಅಲ್ಲೂ ಅಕೌಂಟ್ ಇದೆ, ಅಲ್ಲೂ ಹಿಸ್ಟರಿ ಇದೆ.

ಆಫೀಸ್ ಲ್ಯಾಪ್‌ಟಾಪ್

ಇದರಲ್ಲಿ ಸಮಾಧಾನದ ಮಾತು ಹೇಳಲಾರೆ. ಕಂಪನಿ ಕೊಟ್ಟ ಯಂತ್ರದಲ್ಲಿ ಕಂಪನಿ ತನ್ನ ಸಾಫ್ಟ್‌ವೇರ್, ತನ್ನ ಸರ್ಟಿಫಿಕೇಟ್ ಹಾಕಿರಬಹುದು. ಹಾಕಿದ್ದರೆ ಎನ್‌ಕ್ರಿಪ್ಟ್ ಆದ ಪುಟದ ಒಳಗಿರುವುದನ್ನೂ ನೋಡಬಹುದು. ಇನ್‌ಕಾಗ್ನಿಟೊ, ಬೇರೆ ಸರ್ಚ್ ಎಂಜಿನ್ ಯಾವುದೂ ಅಲ್ಲಿ ನಡೆಯುವುದಿಲ್ಲ. ಹಾಗಂತ ಯಾರೋ ಕೂತು ನಿಮ್ಮ ಹುಡುಕಾಟ ಓದುತ್ತಿದ್ದಾರೆ ಅಂತಲ್ಲ. ನಾನೂ ಆ ಕುರ್ಚಿಯಲ್ಲಿ ಕೂತಿದ್ದವನು. ವೈರಸ್ ಎಚ್ಚರಿಕೆ, ವಿಪರೀತ ಡೌನ್‌ಲೋಡ್ ಇವನ್ನು ನೋಡುವುದರಲ್ಲೇ ದಿನ ಮುಗಿಯುತ್ತಿತ್ತು. ಆದರೆ ಬೇಕಾದಾಗ ತೆಗೆದು ನೋಡಲು ಬರುತ್ತದೆ. ಆಗಿದ್ದು ಆಯಿತು, ಅದನ್ನು ಅಳಿಸಲು ಹೋಗಿ ಅನುಮಾನಕ್ಕೆ ಎಡೆಮಾಡಬೇಡಿ. ಇನ್ನು ಮುಂದೆ ಅಲ್ಲಿ ಬೇಡ.

ಅಳಿಸುವುದು

ಅಳಿಸಬಹುದು, ಒಂದು ಮಟ್ಟಿಗೆ. ನಿಮ್ಮ ಗೂಗಲ್ ಅಕೌಂಟ್‌ನಲ್ಲಿ ಮೈ ಆ್ಯಕ್ಟಿವಿಟಿ ಅಂತ ಒಂದು ಪುಟ ಇದೆ. ತೆರೆದರೆ ನೀವು ಹುಡುಕಿದ್ದು, ನೋಡಿದ ವಿಡಿಯೊ ಎಲ್ಲ ಗಂಟೆ ನಿಮಿಷದ ಸಮೇತ ಕಾಣುತ್ತದೆ. ಮೊದಲ ಸಲ ನೋಡುವವರು ಸಾಮಾನ್ಯವಾಗಿ ಒಂದು ನಿಮಿಷ ಮಾತಾಡುವುದಿಲ್ಲ. ಅಲ್ಲಿ ಪದ ಹುಡುಕಿ ಬೇಕಾದ್ದನ್ನಷ್ಟೇ ಅಳಿಸಬಹುದು. ತಾನಾಗಿ ಅಳಿಸುವ ವ್ಯವಸ್ಥೆಯೂ ಇದೆ: 3 ತಿಂಗಳು, 18 ತಿಂಗಳು, 36 ತಿಂಗಳು. 2020ರ ನಂತರ ಮಾಡಿದ ಅಕೌಂಟ್‌ಗಳಲ್ಲಿ 18 ತಿಂಗಳು ಅಂತ ಮೊದಲೇ ಇರುತ್ತದೆ. ಹಳೆಯದಾದರೆ ನೀವೇ ಹೋಗಿ ಆನ್ ಮಾಡಬೇಕು. 3 ತಿಂಗಳು ಇಡಿ. ವೆಬ್ ಮತ್ತು ಆ್ಯಪ್ ಚಟುವಟಿಕೆ ಎನ್ನುವುದನ್ನು ಪೂರ್ತಿ ಆಫ್ ಮಾಡಿದರೆ ಅಕೌಂಟ್‌ನಲ್ಲಿ ಹುಡುಕಾಟ ಸೇರುವುದೇ ನಿಲ್ಲುತ್ತದೆ. ಆಗ ಗೂಗಲ್‌ನ ಸರ್ಚ್, ಮ್ಯಾಪ್ ನಿಮ್ಮ ಬಗ್ಗೆ ಸ್ವಲ್ಪ ಕಡಿಮೆ ನೆನಪಿಟ್ಟುಕೊಂಡು ಕೆಲಸ ಮಾಡುತ್ತವೆ, ಅಷ್ಟೇ ತೊಂದರೆ.

ಲಾಗಿನ್ ಇಲ್ಲದೆ ಹುಡುಕಿದ್ದು ಈ ಪುಟದಲ್ಲಿ ಇರುವುದಿಲ್ಲ, ಅಳಿಸಲೂ ಬರುವುದಿಲ್ಲ. ಅದು ಸರ್ವರ್ ಲಾಗ್‌ನಲ್ಲಿ ಇರುತ್ತದೆ. 9 ತಿಂಗಳ ಮೇಲೆ ಐಪಿಯ ಒಂದು ಭಾಗವನ್ನು, 18 ತಿಂಗಳ ಮೇಲೆ ಕುಕೀ ಮಾಹಿತಿಯನ್ನು ತೆಗೆಯುತ್ತೇವೆ ಅಂತ ಗೂಗಲ್ ತನ್ನ ನೀತಿಯಲ್ಲಿ ಬರೆದುಕೊಂಡಿದೆ. ಆಸ್ಪತ್ರೆಯ ಪುಟದಿಂದ ಬೇರೆ ಕಂಪನಿಗಳಿಗೆ ಹೋದದ್ದು ನಿಮ್ಮ ಕೈಗೆ ವಾಪಸ್ ಸಿಗುವುದಿಲ್ಲ. ಜಾಹೀರಾತು ಕಂಪನಿಗಳು ನಿಮ್ಮ ಮೊಬೈಲನ್ನು ಗುರುತಿಸಲು ಬಳಸುವ ಜಾಹೀರಾತು ಐಡಿಯನ್ನು ಮಾತ್ರ ನೀವು ತೆಗೆಯಬಹುದು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ, ಆ್ಯಡ್ಸ್ ಒಳಗೆ ಹೋಗಿ ಅಳಿಸಿ. ಆಸ್ಪತ್ರೆಗೂ ಒಂದು ಮೇಲ್ ಹಾಕಿ, ನನ್ನ ನಂಬರ್ ನಿಮ್ಮ ಪಟ್ಟಿಯಿಂದ ತೆಗೆಯಿರಿ ಅಂತ ಬರೆಯಿರಿ. ಕೆಲವರು ತೆಗೆಯುತ್ತಾರೆ.

ಇವೆಲ್ಲ ನಾಳೆಗಾದರೂ ಇರಲಿ. ಇವತ್ತು ಅತ್ತೆಯವರು ಟ್ಯಾಬ್ ಬದಿಗಿಟ್ಟಾಗ "ಒಂದು ನಿಮಿಷ ಕೊಡಿ, ನಿಮಗೆ ಬರುವ ಜಾಹೀರಾತು ಕಡಿಮೆ ಮಾಡಿಕೊಡ್ತೀನಿ" ಅಂತ ಕೇಳಿ ತಗೊಳ್ಳಿ. ಸುಳ್ಳೇನೂ ಅಲ್ಲ. ವಿಡಿಯೊ ಆ್ಯಪ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ಯಾರ ಹೆಸರಿದೆ ನೋಡಿ. ನಿಮ್ಮದೇ ಇದ್ದರೆ ಅವರ ಹೆಸರಲ್ಲಿ ಹೊಸ ಅಕೌಂಟ್ ಮಾಡಿ ಸೇರಿಸಿ, ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮದನ್ನು ತೆಗೆಯಿರಿ. ಅವರ ಫೋಟೊಗಳು ನಿಮ್ಮ ಅಕೌಂಟ್‌ಗೆ ಹೋಗಿ ಕೂತಿದ್ದರೆ ಮೊದಲು ಅವನ್ನು ಅವರ ಕಡೆಗೆ ಕಳಿಸಿಕೊಡಿ. ಹಾಗೇ ಹಾಲ್‌ನಲ್ಲಿರುವ ಟಿವಿಯನ್ನೂ ನೋಡಿಬಿಡಿ.